ತಟ್ಟೆಯಡಿಯ ಎರಡು ಗ್ರಾಂ

ಶಾಲೆಯ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಯ ನೆಲೆಯಲ್ಲಿ ನಾಲ್ಕು ಪುಟ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಕ್ಷತ್ರಗಳ ಬೃಹತ್ ಸಮೂಹಗಳಾದ ಗೆಲಾಕ್ಸಿಗಳ ಕುರಿತು ಮಕ್ಕಳಿಗೆ ತಿಳಿಯುವಂಥ ಒಂದು ಲೇಖನ ಬರೆಯುವುದೆಂದು ನಿಶ್ಚಯಿಸಿದ್ದೆ. ಅಷ್ಟರಲ್ಲಿ ಆಟಿ ತಿಂಗಳ ಒಂದು ಬೆಳಗ್ಗೆ ನಮ್ಮ ವಿಜ್ಞಾನದ ಮಾಷ್ಟ್ರು ತೀರಿಕೊಂಡ ಸುದ್ದಿ ಬಂತು. ಈಗ ಗೆಲಾಕ್ಸಿಗಳ ಬಗ್ಗೆ ಬರೆಯಲು ಕುಳಿತರೂ ಲೇಖನಿ ಅವರ ಕಡೆಗೇ ಹೋಗುತ್ತದೆ. ಏಕೆಂದರೆ 35 ವರ್ಷ ನಾನು ಮಾಡಿದ ಸಂಶೋಧನೆಯ ಮೊದಲ ಪಾಠ ನಡೆದದ್ದು ನಮ್ಮ ಶಾಲೆಯ ಪ್ರಯೋಗಾಲಯದ ಕಿಟಕಿ ಬದಿಯ ಮೇಜಿನ ಮೇಲೆ, ಒಂದು ಹಿತ್ತಾಳೆಯ ತಕ್ಕಡಿಯ ಮುಂದೆ.

ನಾನು ಇಲ್ಲಿ ಹೈಸ್ಕೂಲು ಕಲಿತದ್ದು 1977ರಿಂದ 1980ರ ವರೆಗೆ. ಕಾಸರಗೋಡು ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅದು ಆದದ್ದು 1984ರಲ್ಲಿ, ಆಗ ನಾವು ಕಣ್ಣೂರು ಜಿಲ್ಲೆಯವರು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು, ಹವ್ಯಕ, ತುಳು, ಮಲೆಯಾಳ, ಕೊಂಕಣಿ, ಮರಾಠಿ. ಬೆಂಚಿನಲ್ಲಿ ಕುಳಿತ ಮೇಲೆ ಎಲ್ಲರದೂ ಕನ್ನಡ. ಆ ಮೂರು ವರ್ಷಗಳ ಪಾಠಪಟ್ಟಿಯಲ್ಲಿ ಏನೇನಿತ್ತೆಂದು ಕೇಳಿದರೆ ಇಂದು ಹೇಳಲಾರೆ. ಮಾಷ್ಟ್ರ ಜೇಬಿನಲ್ಲಿ ಸದಾ ಇರುತ್ತಿದ್ದ ಮೊಂಡು ಪೆನ್ಸಿಲು, ಮಳೆಗಾಲದಲ್ಲಿ ಮಡಚಿ ಕಟ್ಟಿದ ಅವರ ಪಂಚೆ, ಯಾವ ಲೆಕ್ಕವನ್ನು ಮಾಡುವ ಮೊದಲೂ "ಅಂದಾಜು ಎಷ್ಟು ಬರಬಹುದು?" ಎಂದು ಅವರು ಕೇಳುತ್ತಿದ್ದ ರೀತಿ ಮಾತ್ರ ನಿನ್ನೆಯದೆಂಬಂತೆ ನೆನಪಿದೆ.

ಒಂಬತ್ತನೆಯ ತರಗತಿಯ ಜೂನ್ ತಿಂಗಳು. ಹಲಸಿನ ಹಣ್ಣು ಮುಗಿಯುತ್ತ ಬಂದ ದಿನಗಳು. ಮನೆಯಲ್ಲಿ ಹಣ್ಣು ಕೊಯ್ದಾಗ ಕೋಲಿಗೆ ಸುತ್ತಿಟ್ಟಿದ್ದ ಮೇಣದಿಂದ ಒಂದು ಉಂಡೆಯನ್ನು ನಾನು ಕಾಗದದಲ್ಲಿ ಪೊಟ್ಟಣ ಕಟ್ಟಿ ತಂದಿದ್ದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನೂ ನನ್ನ ಬೆಂಚಿನ ಗೆಳೆಯನೂ ಪ್ರಯೋಗಾಲಯಕ್ಕೆ ನುಗ್ಗಿ, ಸ್ಪಿರಿಟ್ ದೀಪದಲ್ಲಿ ಅದನ್ನು ಬಿಸಿ ಮಾಡಿ, ತಕ್ಕಡಿಯ ಎಡತಟ್ಟೆಯ ಅಡಿಗೆ ಹೊರಗೆ ಕಾಣದಂತೆ ಒತ್ತಿ ಅಂಟಿಸಿದೆವು. ಗೆಳೆಯ ಬಾಗಿಲಲ್ಲಿ ಕಾವಲು ನಿಂತ. ಅಂಟಿಸಿದ ಕೈ ನನ್ನದು. ಇಡೀ ತರಗತಿಯ ಲೆಕ್ಕ ತಪ್ಪಬೇಕು, ಯಾಕೆ ತಪ್ಪಿತೆಂದು ಯಾರಿಗೂ ತಿಳಿಯಬಾರದು, ಇದು ನಮ್ಮ ಯೋಜನೆ.

ಮಾಷ್ಟ್ರು ಬಂದು ತಕ್ಕಡಿಯ ಕೋಲನ್ನು ಎತ್ತಿದರು. ಬರಿಯ ತಟ್ಟೆಗಳಿದ್ದಾಗಲೇ ಎಡಬದಿ ಕೆಳಗೆ ಕುಳಿತಿತು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಕೋಲಿನ ತುದಿಯ ತಿರುಪಿನ ಮೇಲೆ ಬೆರಳಿಟ್ಟವರು ಹಾಗೆಯೇ ಕೈ ಹಿಂದೆಗೆದುಕೊಂಡು, "ತಿರುಪು ತಿರುಗಿಸಿದ್ರೆ ತಕ್ಕಡಿ ಸರಿಯಾಗ್ತದೆ. ಆದರೆ ಯಾಕೆ ವಾಲಿತು ಅಂತ ಮತ್ತೆ ಗೊತ್ತಾಗ್ಲಿಕ್ಕಿಲ್ಲ" ಎಂದರು.

ಅಂಗಳದಿಂದ ಒಂದು ಮುರಕಲ್ಲಿನ ಚೂರು ತರಿಸಿದರು. ಎಡತಟ್ಟೆಯಲ್ಲಿಟ್ಟು ತೂಗಿದಾಗ 54 ಗ್ರಾಂ. ಬಲತಟ್ಟೆಯಲ್ಲಿಟ್ಟು ತೂಗಿದಾಗ 50. ಎರಡನ್ನೂ ಕರಿಹಲಗೆಯಲ್ಲಿ ಬರೆದು, ವ್ಯತ್ಯಾಸ ಬರಲು ಎರಡು ಕಾರಣಗಳಿರಬಹುದೆಂದರು. ಒಂದು ತಟ್ಟೆಯಲ್ಲಿ ನಮಗೆ ಕಾಣದ ಭಾರ ಇರಬಹುದು, ಇಲ್ಲವೇ ಕೋಲಿನ ಒಂದು ತೋಳು ಉದ್ದವಾಗಿ ತಕ್ಕಡಿಯ ನಿಯಮವೇ ನಾವು ತಿಳಿದಂತೆ ಇಲ್ಲದಿರಬಹುದು. ಯಾವುದೆಂದು ತಿಳಿಯುವುದು ಹೇಗೆ? ಇನ್ನೊಂದು, ಸುಮಾರು ಇಮ್ಮಡಿ ತೂಕದ ಕಲ್ಲು ತರಿಸಿದರು. ತೋಳಿನ ದೋಷವಾದರೆ ಕಲ್ಲು ದೊಡ್ಡದಾದಷ್ಟೂ ವ್ಯತ್ಯಾಸ ಬೆಳೆಯಬೇಕು. ಅಡಗಿದ ಭಾರವಾದರೆ ಕಲ್ಲು ಯಾವುದಾದರೂ ವ್ಯತ್ಯಾಸ ಅಷ್ಟೇ ಇರಬೇಕು. ತೂಗಿದರು: 106, 102. ಮತ್ತೆ ನಾಲ್ಕೇ. ತರಗತಿ ಉಸಿರು ಬಿಗಿಹಿಡಿದಿತ್ತು. "ಎಡತಟ್ಟೆಯ ಹತ್ತಿರ ಎಲ್ಲಿಯೋ ಎರಡು ಗ್ರಾಂ ಉಂಟು. ಏನು ಅಂತ ನಾನು ನೋಡ್ಲಿಲ್ಲ. ಎಷ್ಟು ಅಂತ ಹೇಳಿದೆ" ಎಂದು ಹೇಳಿ, ಆಮೇಲೆ ತಟ್ಟೆಯನ್ನು ಮಗುಚಿದರು. ಮೇಣವನ್ನು ಕೆರೆದು ತೆಗೆದು ಬೇರೆ ತಕ್ಕಡಿಯಲ್ಲಿ ತೂಗಿದರು. ಎರಡು ಗ್ರಾಮಿಗೆ ಕೂದಲೆಳೆಯಷ್ಟು ಹೆಚ್ಚು. ಯಾರು ಮಾಡಿದ್ದೆಂದು ಅವರು ಕೇಳಲೇ ಇಲ್ಲ. ನಾವಿಬ್ಬರೂ ನಾವಾಗಿಯೇ ಎದ್ದು ನಿಂತೆವು. ತೆಂಗಿನೆಣ್ಣೆ ಹಚ್ಚಿ ಆ ತಟ್ಟೆಯನ್ನು ಹೊಳೆಯುವವರೆಗೆ ಉಜ್ಜಿಸಿದ್ದೇ ಶಿಕ್ಷೆ.

ಅದೇ ಮಾಷ್ಟ್ರು 1980ರ ಫೆಬ್ರವರಿ 16ರಂದು ನಮ್ಮನ್ನು ಪಕ್ಕದ ಅಡಿಕೆ ತೋಟಕ್ಕೆ ಕರೆದುಕೊಂಡು ಹೋದರು. ಅಂದು ಕಾರವಾರ, ಹುಬ್ಬಳ್ಳಿ, ರಾಯಚೂರಿನ ಕಡೆ ಪೂರ್ಣ ಸೂರ್ಯಗ್ರಹಣ. ನಮ್ಮಲ್ಲಿ ಸ್ವಲ್ಪವೇ ಉಳಿಸಿ ಸೂರ್ಯನನ್ನು ನುಂಗಿದ ಪಾರ್ಶ್ವಗ್ರಹಣ. ಊರಿನ ಮನೆಗಳ ಬಾಗಿಲು ಮುಚ್ಚಿತ್ತು, ಒಲೆ ಉರಿದಿರಲಿಲ್ಲ. ಸೂರ್ಯನಿಗೆ ಬೆನ್ನು ಹಾಕಿ ನೆಲವನ್ನು ಮಾತ್ರ ನೋಡಬೇಕೆಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ಅಡಿಕೆ ಸೋಗೆಗಳ ಎಡೆಯಿಂದ ಬಿದ್ದ ಬಿಸಿಲಿನ ಒಂದೊಂದು ಚುಕ್ಕೆಯೂ ನಿಧಾನವಾಗಿ ಕೊರೆದು ಕೊರೆದು ಕತ್ತಿಯ ಬಾಯಿಯಂತಾಯಿತು. ತೋಟದ ನೆಲದಲ್ಲಿ, ತೋಡಿನ ದಂಡೆಯಲ್ಲಿ, ನಮ್ಮ ಅಂಗಿಗಳ ಮೇಲೆ ನೂರಾರು ಕತ್ತಿಗಳು. ಚಂದ್ರನನ್ನು ನಾವು ಯಾರೂ ನೋಡಲಿಲ್ಲ. ಆದರೂ ಅವನು ಎಲ್ಲಿದ್ದಾನೆ, ಯಾವ ಕಡೆಗೆ ಸರಿಯುತ್ತಿದ್ದಾನೆ ಎಂಬುದನ್ನು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಅವರು ತೋರಿಸಿದರು.

ಕಾಸರಗೋಡಿನ ಸರಕಾರಿ ಕಾಲೇಜು, ಆಮೇಲೆ ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿ, ಆಮೇಲೆ ಬೆಂಗಳೂರು, ಈ ಹಾದಿಯನ್ನು ವಿವರಿಸಬೇಕಾಗಿಲ್ಲ. ಪಿಎಚ್.ಡಿ.ಗಾಗಿ ಗೆಲಾಕ್ಸಿಗಳ ತಿರುಗುವಿಕೆಯನ್ನು ಆರಿಸಿಕೊಂಡೆ. ಸೌರವ್ಯೂಹದಲ್ಲಿ ಭಾರವೆಲ್ಲ ನಡುವಿನ ಸೂರ್ಯನಲ್ಲಿದೆ. ಆದ್ದರಿಂದ ಹತ್ತಿರದ ಬುಧ ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ವೇಗದಲ್ಲಿ ಸುತ್ತಿದರೆ ದೂರದ ನೆಪ್ಚೂನ್ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಗೆಲಾಕ್ಸಿಯಲ್ಲಿಯೂ ಬೆಳಕು ನಡುವೆ ದಟ್ಟವಾಗಿ ಅಂಚಿನಲ್ಲಿ ತೆಳುವಾಗುವುದರಿಂದ, ಅಂಚಿನ ನಕ್ಷತ್ರಗಳು ಹೀಗೆಯೇ ನಿಧಾನವಾಗಬೇಕಿತ್ತು. ಅಮೆರಿಕದ ಖಗೋಳವಿಜ್ಞಾನಿಗಳಾದ ವೀರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯನ್ನು ಅಳೆದಾಗ, ಆ ಬಳಿಕ 1980ರಲ್ಲಿ ಥೊನಾರ್ಡ್ ಅವರೊಂದಿಗೆ ಸೇರಿ 21 ಸುರುಳಿ ಗೆಲಾಕ್ಸಿಗಳ ಅಳತೆಗಳನ್ನು ಪ್ರಕಟಿಸಿದಾಗ ವೇಗ ಇಳಿದದ್ದು ಕಾಣಲಿಲ್ಲ. ಅದಕ್ಕೂ ಮೊದಲೇ, 1933ರಲ್ಲಿ, ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ಕೋಮಾ ಎಂಬ ಗೆಲಾಕ್ಸಿಗಳ ಗುಚ್ಛದಲ್ಲಿ ಅವುಗಳ ಓಟವನ್ನು ಲೆಕ್ಕ ಹಾಕಿ, ಕಾಣುವ ದ್ರವ್ಯದ ಸೆಳೆತ ಮಾತ್ರ ಇದ್ದಿದ್ದರೆ ಈ ಗುಚ್ಛ ಎಂದೋ ಚದರಿಹೋಗುತ್ತಿತ್ತೆಂದು ಬರೆದಿದ್ದರು.

ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಿನ ಕಾವಲೂರಿನಲ್ಲಿ 2.34 ಮೀಟರ್ ದೂರದರ್ಶಕ ಕೆಲಸಕ್ಕೆ ತೊಡಗಿದ್ದು 1986ರಲ್ಲಿ; ಅದಾಗಿ ಕೆಲವೇ ವರ್ಷಗಳಲ್ಲಿ ನಾನು ಅಲ್ಲಿ ರಾತ್ರಿಗಳನ್ನು ಕಳೆದೆ. ಕಾವಲೂರಿಗೂ ಕಾಸರಗೋಡಿಗೂ ಅಕ್ಷಾಂಶ ಹೆಚ್ಚು ಕಡಿಮೆ ಒಂದೇ, 12.5 ಡಿಗ್ರಿ, ಆದ್ದರಿಂದ ಅಲ್ಲಿನ ಆಕಾಶ ನನ್ನ ಮನೆಯಂಗಳದ ಆಕಾಶವೇ ಆಗಿತ್ತು, ಧ್ರುವನಕ್ಷತ್ರ ಬೆಟ್ಟದ ಮೇಲೆ ಅಷ್ಟೇ ಎತ್ತರ. ಮೋಡ ಸರಿಯುವುದನ್ನು ಕಾದು ಕಾದು, ಕೊನೆಗೂ ಅಡ್ಡಲಾಗಿ ಕಾಣುವ ಒಂದು ಗೆಲಾಕ್ಸಿಯ ಉದ್ದಕ್ಕೆ ಸೀಳುಗಂಡಿಯನ್ನಿಟ್ಟು ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ತೆಗೆದೆವು. ಹೈಡ್ರೋಜನ್ನಿನ 656.3 ನ್ಯಾನೋಮೀಟರಿನ ಕೆಂಪುಗೆರೆ ಪರದೆಯ ಮೇಲೆ ಮೂಡಿತು. ನಮ್ಮತ್ತ ಬರುವ ಬದಿಯಲ್ಲಿ ಅದು ನೀಲಿಯ ಕಡೆಗೂ ದೂರ ಹೋಗುವ ಬದಿಯಲ್ಲಿ ಕೆಂಪಿನ ಕಡೆಗೂ ವಾಲಿ, ಅಂಚಿನಲ್ಲಿ ವೇಗ ಇಳಿಯುವುದಾದರೆ ಎರಡೂ ತುದಿಗಳಲ್ಲಿ ನಡುವಿನತ್ತ ಹಿಂದಿರುಗಿ ಬಾಗಬೇಕಾಗಿತ್ತು. ಬಾಗಲಿಲ್ಲ. ಬೆಳಕು ಮಸುಕಾಗಿ ಗೆರೆ ಅಳಿಸಿಹೋಗುವವರೆಗೂ ನೇರವಾಗಿಯೇ ಸಾಗಿತು. ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ನನಗೆ ತಟ್ಟನೆ ಎದುರಿಗೆ ಬಂದದ್ದು ಭಾರವಿಲ್ಲದೆಯೇ ಎಡಕ್ಕೆ ವಾಲಿದ್ದ ಆ ಬರಿಯ ತಟ್ಟೆ.

ಮುಂದೆ ಪುಣೆಯ ಸಮೀಪ ಖೊಡದಿನಲ್ಲಿ ಗೋವಿಂದ ಸ್ವರೂಪರ ನೇತೃತ್ವದಲ್ಲಿ ಕಟ್ಟಿದ, 45 ಮೀಟರ್ ವ್ಯಾಸದ 30 ತಟ್ಟೆಗಳ ರೇಡಿಯೋ ದೂರದರ್ಶಕದಲ್ಲಿ ನಾನೂ ನನ್ನ ವಿದ್ಯಾರ್ಥಿಗಳೂ ಹೈಡ್ರೋಜನ್ ಅನಿಲದ 21 ಸೆಂಟಿಮೀಟರ್ ಅಲೆಗಳನ್ನು ಹಿಡಿದು ಕುಬ್ಜ ಗೆಲಾಕ್ಸಿಗಳನ್ನು ತೂಗಿದೆವು. ನಕ್ಷತ್ರಗಳು ಮುಗಿದ ಮೇಲೂ ಅನಿಲ ಬಹುದೂರ ಹರಡಿರುತ್ತದೆ, ಎನ್‌.ಜಿ.ಸಿ. 3741 ಎಂಬ ಪುಟ್ಟ ಗೆಲಾಕ್ಸಿಯಲ್ಲಿ ಕಾಣುವ ಭಾಗದ ತ್ರಿಜ್ಯದ ಎಂಟು ಪಟ್ಟು ದೂರದವರೆಗೆ ಅದನ್ನು ಇದೇ ದೂರದರ್ಶಕದಿಂದ ಗುರುತಿಸಲಾಗಿದೆ. ಅಷ್ಟು ದೂರದಲ್ಲಿಯೂ ವೇಗ ಇಳಿಯುವುದಿಲ್ಲ. ನನ್ನ ಮಾರ್ಗದರ್ಶನದಲ್ಲಿ ಒಂಬತ್ತು ಮಂದಿ ಡಾಕ್ಟರೇಟ್ ಪಡೆದಿದ್ದಾರೆ, ಅವರಲ್ಲಿ ಇಬ್ಬರು ಇಂದು ಈ ವಿಷಯದಲ್ಲಿ ನನಗಿಂತ ಮುಂದಿದ್ದಾರೆ ಎಂಬುದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಪ್ರತಿಯೊಬ್ಬರಿಗೂ ಮೊದಲ ದಿನ ನಾನು ಹೇಳಿದ್ದು ತಕ್ಕಡಿಯ ಕತೆಯನ್ನೇ.

ಏಕೆಂದರೆ ನಮ್ಮ ಕ್ಷೇತ್ರದ ವಿವಾದವೆಲ್ಲ ಅಂದು ಮಾಷ್ಟ್ರು ಕರಿಹಲಗೆಯಲ್ಲಿ ಬರೆದ ಎರಡು ಕಾರಣಗಳದ್ದೇ. ಯುರೇನಸ್ ದಾರಿ ತಪ್ಪಿದಾಗ, ಕಾಣದ ಇನ್ನೊಂದು ಗ್ರಹ ಎಳೆಯುತ್ತಿದೆಯೆಂದು ಫ್ರಾನ್ಸಿನ ಖಗೋಳವಿಜ್ಞಾನಿ ಲ ವೆರಿಯೇ ಲೆಕ್ಕ ಹಾಕಿದರು. 1846ರಲ್ಲಿ ಬರ್ಲಿನ್ನಿನ ಖಗೋಳವಿಜ್ಞಾನಿ ಗಾಲ್ಲೆ ದೂರದರ್ಶಕ ತಿರುಗಿಸಿದಾಗ ನೆಪ್ಚೂನ್ ಹೇಳಿದ ಸ್ಥಳದ ಒಂದು ಡಿಗ್ರಿಯೊಳಗೇ ಸಿಕ್ಕಿತು. ಅದು ತಟ್ಟೆಯಡಿಯ ಮೇಣ. ಬುಧ ದಾರಿ ತಪ್ಪಿದಾಗಲೂ ಅದೇ ಲ ವೆರಿಯೇ ವಲ್ಕನ್ ಎಂಬ ಗ್ರಹವನ್ನು ಊಹಿಸಿದರು. ಅದು ಸಿಗಲೇ ಇಲ್ಲ, 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ತಿದ್ದಬೇಕಾಯಿತು. ಅದು ತಕ್ಕಡಿಯ ತೋಳು. ಗೆಲಾಕ್ಸಿಗಳ ವಿಷಯದಲ್ಲಿಯೂ 1983ರಲ್ಲಿ ಭೌತವಿಜ್ಞಾನಿ ಮಿಲ್‌ಗ್ರೋಮ್ ಗುರುತ್ವದ ನಿಯಮವನ್ನು ತಿದ್ದುವ ದಾರಿ ತೋರಿಸಿದರು, ಒಂಟಿ ಗೆಲಾಕ್ಸಿಗಳಲ್ಲಿ ಅದು ಬೆರಗಾಗುವಷ್ಟು ಚೆನ್ನಾಗಿ ಹೊಂದುತ್ತದೆ. ಆದರೆ ಕಲ್ಲು ಬದಲಿಸಿ ತೂಗಬೇಕಲ್ಲ? ಗುಚ್ಛಗಳಲ್ಲಿ ಆ ತಿದ್ದುಪಡಿ ಸಾಲದೆ ಹೋಗುತ್ತದೆ. 2006ರಲ್ಲಿ ಬುಲೆಟ್ ಗುಚ್ಛದ ಅಧ್ಯಯನವು, ಎರಡು ಗುಚ್ಛಗಳು ಡಿಕ್ಕಿ ಹೊಡೆದಾಗ ಬಿಸಿ ಅನಿಲ ನಡುವೆ ಸಿಕ್ಕಿಕೊಂಡಿದ್ದರೂ ಬೆಳಕನ್ನು ಬಾಗಿಸುವ ಭಾರ ಅನಿಲವನ್ನು ಬಿಟ್ಟು ಮುಂದೆ ಸಾಗಿದೆಯೆಂದು ತೋರಿಸಿತು. ಇಂಗ್ಲಿಷಿನಲ್ಲಿ ಡಾರ್ಕ್ ಮ್ಯಾಟರ್ ಎನ್ನುವ ಅಡಗಿದ ದ್ರವ್ಯವೇ ಇದೆಯೆಂಬುದು ನನ್ನ ನಿಲುವು. ಪ್ಲಾಂಕ್ ಉಪಗ್ರಹದ ಅಳತೆಗಳಂತೆ ಅದು ಸಾಮಾನ್ಯ ದ್ರವ್ಯದ ಐದು ಪಟ್ಟಿಗಿಂತಲೂ ತುಸು ಹೆಚ್ಚು.

ಕನ್ನಡ ಪಂಡಿತರೊಬ್ಬರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ನಾನು ಡಾಕ್ಟರೇಟ್ ಪಡೆದು ಬಂದ ವರ್ಷ ಶಾಲೆಯಲ್ಲಿ ಭಾಷಣಕ್ಕೆ ಕರೆದಿದ್ದರು. ನಿವೃತ್ತರಾಗಿದ್ದ ಪಂಡಿತರು ಮೊದಲ ಸಾಲಿನಲ್ಲಿ ಕೊಡೆಯ ಹಿಡಿಗೆ ಗಲ್ಲವೂರಿ ಕುಳಿತಿದ್ದರು. "ಕಪ್ಪು ದ್ರವ್ಯ" ಎಂದು ನಾನು ಹತ್ತು ಸಲ ಹೇಳಿದ ಮೇಲೆ ಅವರು ಎದ್ದು, "ಕಪ್ಪು ಅಂದ್ರೆ ಕಣ್ಣಿಗೆ ಕಾಣುವ ಬಣ್ಣ ಅಲ್ವೊ ಮಾಣಿ? ನಿನ್ನ ದ್ರವ್ಯ ಕಪ್ಪೊ, ಅಲ್ಲ ಕಾಣದ್ದೊ?" ಎಂದು ಕೇಳಿದರು. ಕಾಣದ್ದು, ಬೆಳಕು ಅದರ ಮೂಲಕ ತಡೆಯಿಲ್ಲದೆ ಹಾದುಹೋಗುತ್ತದೆ ಎಂದೆ. "ಹಾಗಾದ್ರೆ ಅಗೋಚರ ಅನ್ನು. 'ಕಾಣೆಯಾದ ದ್ರವ್ಯ' ಅಂತಲೂ ಹೇಳಿದೆ. ದ್ರವ್ಯ ಅಲ್ಲಿಯೇ ಉಂಟಲ್ಲ, ಕಾಣೆಯಾದ್ದು ಬೆಳಕು." ಇಂಗ್ಲಿಷಿನಲ್ಲಿ ಓದಿ ನಾನು ಕೇಳದೆಯೇ ಬಿಟ್ಟಿದ್ದ ಪ್ರಶ್ನೆಯನ್ನು ಪದದ ಅರ್ಥ ಹಿಡಿದೇ ಅವರು ಕೇಳಿದ್ದರು. ಅಂದಿನಿಂದ ಕನ್ನಡದಲ್ಲಿ ಬರೆಯುವಾಗ ನಾನು ಅಗೋಚರ ದ್ರವ್ಯವೆಂದೇ ಬರೆಯುತ್ತೇನೆ.

ಇಂದಿನ ಮಕ್ಕಳಿಗೆ ನಮಗಿಂತ ಹೆಚ್ಚು ಸೌಕರ್ಯಗಳಿವೆ, ಅದರಲ್ಲಿ ಸಂಶಯವಿಲ್ಲ. ಆದರೆ ಈಚೆಗೆ ನಮ್ಮ ಕಡೆಯ ಕೆಲವು ಶಾಲೆಗಳಿಗೆ ಹೋದಾಗ ನೋಡಿದ್ದು ಮನಸ್ಸಿಗೆ ನೋವು ಕೊಟ್ಟಿತು. ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ತಕ್ಕಡಿಯ ಚಿತ್ರ. ನಿಜವಾದ ತಕ್ಕಡಿ ಬೀಗ ಹಾಕಿದ ಕಪಾಟಿನಲ್ಲಿ. ಪರದೆಯ ತಕ್ಕಡಿ ಎಂದೂ ವಾಲುವುದಿಲ್ಲ, ಅದರ ತಟ್ಟೆಯ ಅಡಿಗೆ ಮೇಣ ಅಂಟಿಸಲು ಯಾವ ಮಗುವಿಗೂ ಸಾಧ್ಯವಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ತಿಳಿಯದ ಅಧ್ಯಾಪಕರನ್ನು ನೇಮಿಸುವುದಂತೂ ಗಡಿನಾಡಿನ ಮಕ್ಕಳಿಗೆ ಮಾಡುವ ಅನ್ಯಾಯ. ಪಂಡಿತರು ನನ್ನನ್ನು ಕೇಳಿದಂಥ ಪ್ರಶ್ನೆಯನ್ನು ತನ್ನ ಭಾಷೆ ಬಲ್ಲವರ ಮುಂದೆ ಮಾತ್ರ ಒಂದು ಮಗು ಕೇಳಬಲ್ಲದು.

ಮಾಷ್ಟ್ರ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಹೋಗಿದ್ದೆ. ಬಿಡದೆ ಮಳೆ. ಚಪ್ಪರದ ಒಂದು ಬದಿಯಲ್ಲಿ ನಮ್ಮ ತರಗತಿಯವರು ಏಳೆಂಟು ಮಂದಿ ಸೇರಿದ್ದೆವು. ಅಂದು ಬಾಗಿಲಲ್ಲಿ ಕಾವಲು ನಿಂತ ಗೆಳೆಯನೂ ಇದ್ದ. ಅವನೀಗ ಅಡಿಕೆ ಕೃಷಿಕ. ಮಾತು ತಕ್ಕಡಿಗೆ ಬಂತು. ನೀನು ಇಷ್ಟು ವರ್ಷ ಹುಡುಕಿದ್ದು ಸಿಕ್ಕಿತೋ ಎಂದು ಅವನು ಕೇಳಿದ. ನೆಲದಡಿಯ ಪ್ರಯೋಗಾಲಯಗಳಲ್ಲಿ ಟನ್ನುಗಟ್ಟಲೆ ದ್ರವ ಜೀನಾನ್ ತುಂಬಿಟ್ಟು, ಅಗೋಚರ ದ್ರವ್ಯದ ಒಂದು ಕಣವಾದರೂ ಬಂದು ತಾಗೀತೆಂದು ಕಾಯುತ್ತಿದ್ದಾರೆ, ಇನ್ನೂ ತಾಗಿಲ್ಲ, ಎಷ್ಟು ಇದೆಯೆಂದು ಗೊತ್ತು, ಏನೆಂದು ಗೊತ್ತಿಲ್ಲ ಎಂದೆ.

ಅವನು ಸ್ವಲ್ಪ ಹೊತ್ತು ಮಳೆಯನ್ನು ನೋಡಿದ. "ಹಾಗಾದ್ರೆ ಮಾಷ್ಟ್ರು ಎರಡು ಗ್ರಾಂ ಅಂತ ಹೇಳುವಲ್ಲಿವರೆಗೆ ಆಗಿದೆ. ತಟ್ಟೆ ಮಗುಚ್ಲಿಕ್ಕೆ ಬಾಕಿ ಉಂಟು" ಎಂದ. ಒಳಗಿನಿಂದ ಊಟಕ್ಕೆ ಕರೆದರು.