ಝೇಂಡಾ ಕಟ್ಟೆ ಮತ್ತು ನಮ್ಮ ಮಿಲಿಟ್ರಿ ಸರ್

ನಮ್ಮ ಹೈಸ್ಕೂಲಿನ ಝೇಂಡಾ ಕಂಬ ಅಸಲಿಗೆ ಒಂದು ಬೋರ್‌ವೆಲ್ ಪೈಪು. ಯಾರದ್ದೋ ಹೊಲದಲ್ಲಿ ಬೋರು ಫೇಲಾದಾಗ ಉಳಿದದ್ದನ್ನು ಶಾಲೆಗೆ ಕೊಟ್ಟಿದ್ದರಂತೆ. 18 ಅಡಿ ಎತ್ತರ, ತುದಿಯಲ್ಲೊಂದು ಸಣ್ಣ ರಾಟೆ. ಹಗ್ಗ ಎಳೆದರೆ ಆ ರಾಟೆ ಎಷ್ಟು ಕಿರುಚುತ್ತಿತ್ತೆಂದರೆ, ರಸ್ತೆಯಾಚೆ ಚಹಾದಂಗಡಿಯಲ್ಲಿ ಕೂತವರೂ ತಲೆ ಎತ್ತಿ ನೋಡುತ್ತಿದ್ದರು.

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಮುಖ್ಯ ಗುರುಗಳು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಆ ಕಿರುಚಾಟ. ಗಣಿತದ ಸರ್ ಬಗ್ಗೆ, ಅವರ ಬೆತ್ತದ ಬಗ್ಗೆ ನನ್ನ ಜೊತೆಯವರು ಬರೆದೇ ಬರೆಯುತ್ತಾರೆ. ಬರೆಯಲಿ. ನಾನು ಡ್ರಿಲ್ ಸರ್ ಬಗ್ಗೆ ಬರೆಯುತ್ತೇನೆ.

ಅವರನ್ನು ನಾವು ಮಿಲಿಟ್ರಿ ಸರ್ ಅನ್ನುತ್ತಿದ್ದೆವು, ಅವರ ಬೆನ್ನ ಹಿಂದೆ. ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೇರಿ, 1971ರ ಯುದ್ಧ ನೋಡಿ, ಪೆನ್ಶನ್ ತಗೊಂಡು ಊರಿಗೆ ಬಂದು ಡ್ರಿಲ್ ಮಾಸ್ತರಾದವರು. ಯುದ್ಧದ ಕಥೆ ಹೇಳಿ ಎಂದು ನಾವು ಎಷ್ಟು ಗಂಟು ಬಿದ್ದರೂ ಹೇಳುತ್ತಿರಲಿಲ್ಲ. "ಮೈದಾನಕ್ಕ ಮೂರು ಸುತ್ತು ಹೊಡದ್ ಬಾ, ಹೇಳ್ತೀನಿ" ಅನ್ನುತ್ತಿದ್ದರು. ಹೊಡೆದು ಬಂದರೆ, "ಇನ್ನೂ ಮೂರು." ನಾವು ಝೇಂಡಾ ಅಂದರೆ ಅವರಿಗೆ ಸಿಟ್ಟು. "ಜಾತ್ರ್ಯಾಗ ಮಾರೂದು ಝೇಂಡಾ. ಇದು ಧ್ವಜ." ಆದರೆ ಕಟ್ಟೆಗೆ ಮಾತ್ರ ಅವರೂ ಝೇಂಡಾ ಕಟ್ಟಿ ಅಂತಲೇ ಅನ್ನುತ್ತಿದ್ದರು. ಅದನ್ನು ಎತ್ತಿ ತೋರಿಸುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಧ್ವಜ ಹೆಡ್‌ಮಾಸ್ತರ ಕೋಣೆಯ ಟ್ರಂಕಿನಲ್ಲಿ ಇರುತ್ತಿತ್ತು, ನಾಲ್ಕು ಡಾಂಬರ ಗುಳಿಗೆಗಳ ಜೊತೆ. ಧಾರವಾಡದ ಹತ್ತಿರದ ಗರಗದಲ್ಲಿ ಧ್ವಜಕ್ಕೆಂದೇ ಖಾದಿ ನೇಯುತ್ತಾರಲ್ಲ, ನಮ್ಮದೂ ಅಲ್ಲಿಯದೇ ಬಟ್ಟೆ ಎಂದು ಸರ್ ಹೆಮ್ಮೆಯಿಂದ ಹೇಳುತ್ತಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ಧ್ವಜ ಕಟ್ಟುವ ಕೆಲಸ ನನಗೆ ಬಂತು. ಮಡಿಸುವುದು ಕಲಿಯಲು ಒಂದು ದಿನ ಸಾಕಾಯಿತು. ಗಂಟು ಕಲಿಯಲು ಒಂದು ವಾರ. ಕೆಳಗಿಂದ ಜಗ್ಗಿದರೆ ಬಿಚ್ಚಬೇಕು, ಗಾಳಿ ಜಗ್ಗಿದರೆ ಬಿಚ್ಚಬಾರದು. ಎರಡೂ ಒಂದೇ ಗಂಟಿನಲ್ಲಿ ಆಗಬೇಕು. ಸರ್ ತಮ್ಮ ಸೀಟಿಯ ದಾರದಲ್ಲೇ ಅದನ್ನು ಕಟ್ಟಿ ತೋರಿಸುತ್ತಿದ್ದರು.

1984ರ ಅಕ್ಟೋಬರ್ 31, ಬುಧವಾರ. ಮರುದಿನ ರಾಜ್ಯೋತ್ಸವ. ಕಟ್ಟೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು ಬಳಿಯುತ್ತಿದ್ದೆವು. ಈ ಸಲವಾದರೂ ರಾಟೆಯ ಬಾಯಿ ಮುಚ್ಚಿಸಬೇಕು ಎಂದು ಸರ್ ಹಟ ಹಿಡಿದಿದ್ದರು. ಗೌಡರ ಮನೆಯ ಏಣಿ ತಂದು, ಅದು ಸಾಲದೆ ಉಳಿದಷ್ಟು ಪೈಪನ್ನು ತಬ್ಬಿಕೊಂಡು ಹತ್ತಿ, ರಾಟೆಗೆ ಕುಸುಬೆ ಎಣ್ಣೆ ಬಿಟ್ಟವನು ನಾನೇ. ಅಂಗಿಯ ತುಂಬಾ ತುಕ್ಕು ಮೆತ್ತಿತು, ಅವ್ವನ ಹತ್ತಿರ ಬೈಸಿಕೊಂಡೆ. ಆದರೆ ಎಣ್ಣೆ ಬಿದ್ದ ಮೇಲೆ ರಾಟೆ ಹೇಗೆ ತಿರುಗಿತು ಅಂತೀರಿ, ಬೆಣ್ಣೆಯಲ್ಲಿ ಬೆರಳು ಹೋದ ಹಾಗೆ.

ದೀಪಾವಳಿ ಮುಗಿದು ವಾರವಾಗಿತ್ತಷ್ಟೇ. ಹಿತ್ತಿಲುಗಳಲ್ಲಿ ಇನ್ನೂ ಚೆಂಡು ಹೂವು ಇದ್ದವು. ಎಸಳು ಬಿಡಿಸಿ, ಧ್ವಜದ ಮಡಿಕೆಯೊಳಗೆ ತುಂಬಿ, ಗಂಟು ಹಾಕಿ ಟ್ರಂಕಿನ ಮೇಲಿಟ್ಟು ಮನೆಗೆ ಬಂದೆ. ದೆಹಲಿಯಲ್ಲಿ ಇಂದಿರಾ ಗಾಂಧಿಯವರಿಗೆ ಗುಂಡು ಬಿದ್ದದ್ದು ಅವತ್ತು ಬೆಳಿಗ್ಗೆ. ಅವರು ತೀರಿಕೊಂಡರೆಂದು ಆಕಾಶವಾಣಿ ಹೇಳುವ ಹೊತ್ತಿಗೆ ಸಂಜೆಯಾಗಿತ್ತು. ಚಹಾದಂಗಡಿಯ ರೇಡಿಯೋ ಮುಂದೆ ಅಷ್ಟು ಜನ, ಅಷ್ಟು ಸುಮ್ಮನೆ ನಿಂತದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗರು ಬಿಳಿ ಅಂಗಿ ಹಾಕಿಕೊಂಡು ಬಂದೇ ಬಂದರು. ಹಾಡು ಇಲ್ಲ, ಭಾಷಣ ಇಲ್ಲ, ಪೇಪರ್‌ಮೆಂಟ್ ಇಲ್ಲ ಅಂದರು ಹೆಡ್‌ಮಾಸ್ತರು. ಧ್ವಜ ಅರ್ಧಕ್ಕೆ ಹಾರಿಸಿ ಮನೆಗೆ ಹೋಗುವುದು, ಅಷ್ಟೇ.

ಸರ್ ಹಿಂದೆ ಕೈ ಕಟ್ಟಿ ನಿಂತಿದ್ದರು. "ಇವತ್ತ ರಾಜ್ಯೋತ್ಸವ ಐತ್ರಿ ಸರ್" ಅಂದರು.

"ದೇಶದ ಪ್ರಧಾನಮಂತ್ರಿ ಹೋಗ್ಯಾರ. ನೀವು ರಾಜ್ಯೋತ್ಸವ ಅಂತೀರಲ್ರೀ?"

"ಅದು ಖರೇನರಿ. ಆದ್ರ ರಾಜ್ಯ ಹುಟ್ಟಿದ ದಿನ..."

ಹೆಡ್‌ಮಾಸ್ತರು ಅವರ ಮುಖವನ್ನೇ ನೋಡಿದರು. ಸರ್ "ಆತ್ರಿ" ಅಂದು ನನ್ನ ಕಡೆ ತಿರುಗಿದರು. "ಹೂವು ತಗೀ."

ಕೋಣೆಯಲ್ಲಿ ಹಳೆಯ ಪೇಪರ್ ಹಾಸಿ ಧ್ವಜ ಬಿಚ್ಚಿದೆ. ರಾತ್ರಿಯಿಡೀ ಒಳಗಿದ್ದ ಎಸಳುಗಳು ಬಿಳಿ ಪಟ್ಟಿಗೆ ಅಂಟಿಕೊಂಡಿದ್ದವು. ಒಂದೊಂದೇ ಬಿಡಿಸಿದೆ. ಚೆಂಡು ಹೂವಿನ ವಾಸನೆ ಮಾತ್ರ ಬಿಡಿಸಲು ಆಗಲಿಲ್ಲ.

ಅರ್ಧ ಎಂದರೆ ಎಲ್ಲಿಗೆ ಅರ್ಧ? ಕಂಬಕ್ಕೆ ಆಸರೆಯ ತಂತಿ ಇದ್ದರೆ, ತುದಿಗೂ ಆ ತಂತಿಗೂ ನಡುವೆ. ಇಲ್ಲದಿದ್ದರೆ ಕಂಬದ ನಟ್ಟನಡುವೆ. ಸರ್ ಆಗಲೇ ಅಳೆದು ಪೈಪಿಗೆ ಕೆಂಪು ದಾರ ಸುತ್ತಿಟ್ಟಿದ್ದರು. ನಾನು ಹಗ್ಗ ಜಗ್ಗಿ, ಧ್ವಜ ದಾರದ ಹತ್ತಿರ ಬಂದ ಕೂಡಲೇ ನಿಲ್ಲಿಸಿದೆ. ಜಾಣತನ ಮಾಡಿದೆ ಅಂದುಕೊಂಡೆ.

"ತುದೀಗಿ!"

ಇಡೀ ಶಾಲೆಯ ಮುಂದೆ ಬಿದ್ದ ಬೈಗುಳ ಅದು. ಆಮೇಲೆ ಮೆಲ್ಲಗೆ, ನನಗೊಬ್ಬನಿಗೇ ಕೇಳುವಷ್ಟು ದನಿಯಲ್ಲಿ ಹೇಳಿದರು. "ಅರ್ಧಕ್ಕ ಏರಸೂದಲ್ಲೋ ತಮ್ಮಾ. ಪೂರಾ ಏರಿಸಿ, ಅರ್ಧಕ್ಕ ಇಳಸೂದು." ಸಂಜೆ ಇಳಿಸುವಾಗಲೂ ಹಾಗೆಯೇ. ಅರ್ಧದಿಂದ ನೇರ ಕೆಳಗೆ ತರುವಂತಿಲ್ಲ. ಮತ್ತೆ ತುದಿ ಮುಟ್ಟಿಸಿ, ಆಮೇಲೆ ಪೂರ್ತಿ ಇಳಿಸಬೇಕು.

ಧ್ವಜ ತುದಿಗೆ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತರೆ ಸಾಕು. ಇಳಿಸಲೇನ್ರಿ ಎಂದು ಕೇಳಿದೆ. ಸರ್ ಉತ್ತರ ಕೊಡದೆ ಹಗ್ಗ ನನ್ನ ಕೈಯಿಂದ ತಗೊಂಡರು. ತಗೊಂಡು ಹಾಗೇ ನಿಂತರು. ಮೇಲೆ ಧ್ವಜ ಒಮ್ಮೆ ಬಿಚ್ಚಿಕೊಂಡಿತು, ಗಾಳಿ ನಿಂತು ಕಂಬಕ್ಕೆ ಸುತ್ತಿಕೊಂಡಿತು, ಮತ್ತೆ ಬಿಚ್ಚಿಕೊಂಡಿತು. ನಾನು ಕಾಣದೇ ಬಿಟ್ಟಿದ್ದ ಒಂದು ಎಸಳು ಉದುರಿ ಕಟ್ಟೆಯ ಹಸಿ ಸುಣ್ಣದ ಮೇಲೆ ಬಿತ್ತು. ಹೆಡ್‌ಮಾಸ್ತರು ಗಡಿಯಾರ ನೋಡಿಕೊಂಡರು. "ಯಾಕ್ರೀ?"

"ರಾಟಿ ಹಿಡದೈತ್ರಿ ಸರ್" ಅಂದರು ಡ್ರಿಲ್ ಸರ್.

ನನ್ನ ಕಿವಿ ಬಿಸಿಯಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎಣ್ಣೆ ಬಿಟ್ಟ ಶೂರ ನಾನೇ ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ಐದು ನಿಮಿಷವೋ, ಹತ್ತೋ, ಲೆಕ್ಕ ಇಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಮೇಲೆ ಧ್ವಜ ಕೆಂಪು ದಾರಕ್ಕೆ ಇಳಿಯಿತು, ಒಂದಿಷ್ಟೂ ಸದ್ದಿಲ್ಲದೆ. ಮುಂದೆ ತಿಂಗಳುಗಟ್ಟಲೆ ಹುಡುಗರು ನನ್ನನ್ನು "ಎಣ್ಣಿ" ಅಂತಲೇ ಕರೆದರು. ಇಬ್ಬರು ಈಗಲೂ ಹಾಗೇ ಕರೆಯುತ್ತಾರೆ.

ಶೋಕದ ದಿನಗಳು ಮುಗಿಯುವ ತನಕ ಬೆಳಿಗ್ಗೆ ಏರಿಸುವುದು, ಸೂರ್ಯ ಮುಳುಗುವ ಮುಂಚೆ ಇಳಿಸುವುದು ನಮ್ಮಿಬ್ಬರದೇ ಕೆಲಸ. ಒಂದು ಸಂಜೆ ಧ್ವಜ ಮಡಿಸುತ್ತಾ ಕೇಳಿದೆ, "ಸರ್, ಯುದ್ಧದಾಗ ನಿಮ್ಮ ದೋಸ್ತರು ಸತ್ತಾಗ್ಲೂ ಹಿಂಗ ಅರ್ಧಕ್ಕ ಇಳಸಿದ್ರೇನ್ರಿ?"

ಇನ್ನೂ ಮೂರು ಸುತ್ತು ಎನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ.

"ಜವಾನರಿಗೆ ಇಳಸೂದಿಲ್ಲಪಾ. ಧ್ವಜಾನ ಅವರ ಮ್ಯಾಲ ಹಾಸ್ತಾರ. ಕೇಸರಿ ತಲೀ ಕಡೆ." ಮಡಿಸಿದ ಧ್ವಜವನ್ನು ಟ್ರಂಕಿನಲ್ಲಿಟ್ಟರು. "ನಮ್ಮವರಿಗೆ ಅದೂ ಇರಲಿಲ್ಲ. ಅಲ್ಲೇ ಕಟ್ಟಿಗಿ ಒಟ್ಟಿದ್ವಿ. ಊರಿಗೆ ಹ್ವಾದದ್ದು ತಂತಿ. ಆಮ್ಯಾಲ ಅವನ ಟ್ರಂಕು."

ಅವರ ಬಾಯಿಂದ ನಾನು ಕೇಳಿದ ಯುದ್ಧದ ಕಥೆ ಅಷ್ಟೇ. ಮುಂದೆ 1999ರಲ್ಲಿ ಕಾರ್ಗಿಲ್‌ನಿಂದ ಯೋಧರ ಪೆಟ್ಟಿಗೆಗಳು ಊರೂರಿಗೆ ಬರತೊಡಗಿದಾಗ, ಟಿವಿ ಮುಂದೆ ಕೂತು ನನಗೆ ನೆನಪಾದದ್ದು ಆ ಟ್ರಂಕು.

ನನ್ನ ಬೆಂಚಿನ ಗೆಳೆಯನೊಬ್ಬ ಅಮೆರಿಕದಲ್ಲಿದ್ದಾನೆ. ಅಲ್ಲಿ ಮೇ ತಿಂಗಳ ಕೊನೆಯ ಸೋಮವಾರ ಯುದ್ಧದಲ್ಲಿ ಮಡಿದವರ ದಿನ. ಅವತ್ತು ಧ್ವಜ ಮಧ್ಯಾಹ್ನ 12ರ ತನಕ ಅರ್ಧದಲ್ಲಿ ಇರುತ್ತದೆ, 12ಕ್ಕೆ ಪೂರ್ತಿ ಮೇಲೆ ಹೋಗುತ್ತದೆ. ಅಲ್ಲೂ ಮೊದಲು ತುದಿ ಮುಟ್ಟಿಸಿಯೇ ಅರ್ಧಕ್ಕೆ ತರುತ್ತಾರಂತೆ. "ಮಿಲಿಟ್ರಿ ಸರ್ ಇಲ್ಲಿಗೂ ಬಂದು ಬೈದು ಹೋಗ್ಯಾರೇನೋ" ಎಂದು ಅವನು ಫೋನಿನಲ್ಲಿ ನಕ್ಕಿದ್ದ.

ನಾನು ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19 ಸಾವಿರ ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಜನ ಅದರಡಿ ಸಿಕ್ಕಿಬಿದ್ದರು. ಅವರಲ್ಲಿ ಮೂವರು ಕರ್ನಾಟಕದವರು. ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಆದ ಮೇಲೂ ಉಸಿರಾಡುತ್ತಿದ್ದರು. ಅವರು ಸಿಕ್ಕ ಮೇಲಿನ ಆ ಮೂರು ದಿನ ನಮ್ಮ ಕಡೆ ಹರಕೆ ಹೊರದ ಮನೆ ಇರಲಿಲ್ಲ. ಫೆಬ್ರವರಿ 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ನಮ್ಮ ಸೇನೆ ಸಿಯಾಚಿನ್ ಹತ್ತಿದ್ದು 1984ರ ಏಪ್ರಿಲ್‌ನಲ್ಲಿ. ನಾನು ರಾಟೆಗೆ ಎಣ್ಣೆ ಬಿಟ್ಟ ವರ್ಷವೇ.

ಹನುಮಂತಪ್ಪ ತೀರಿಕೊಂಡ ಮರುದಿನ, ಅವರ ಪಾರ್ಥಿವ ಶರೀರ ಇಟ್ಟಿದ್ದ ನೆಹರೂ ಮೈದಾನಕ್ಕೆ ಹೋಗಿ ಪಾಳಿಯಲ್ಲಿ ನಿಂತೆ. ಮುಂದಿನವರ ಭುಜಗಳ ಸಂದಿಯಿಂದ ಧ್ವಜದ ಅಂಚು ಕಂಡಿತು. ಕೇಸರಿ ಯಾವ ಕಡೆ ಇದೆ ಎಂದೇ ಕಣ್ಣು ಹುಡುಕಿತು. ಹೋ, ತಲೆ ಅಲ್ಲಿದೆ. ಕೈ ಮುಗಿಯುವಷ್ಟರಲ್ಲಿ ಹಿಂದಿನವರು ಮುಂದೆ ತಳ್ಳಿದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಫೋನಿನಲ್ಲಿ ಧ್ವಜ ಸಂಹಿತೆ ತೆಗೆದು ಓದುತ್ತಾ ಕೂತೆ, 2002ರದ್ದು. ಸರ್ ಹೇಳಿದ್ದೆಲ್ಲ ಅದರಲ್ಲಿತ್ತು. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ ತೀರಿಕೊಂಡರೆ ದೇಶದ ತುಂಬಾ ಧ್ವಜ ಅರ್ಧಕ್ಕೆ. ರಾಜ್ಯಪಾಲರು, ಮುಖ್ಯಮಂತ್ರಿ ಆದರೆ ಆ ರಾಜ್ಯದಲ್ಲಿ. ಪಟ್ಟಿಯಲ್ಲಿ ಜವಾನ ಇಲ್ಲ. ಅವನು ಬರುವುದು ಬೇರೆ ಕಡೆ: ಧ್ವಜ ಹಾಸಬೇಕು, ಕೇಸರಿ ತಲೆಯ ಕಡೆ, ಅದನ್ನು ಗುಂಡಿಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ಇದು ನನಗೆ ಸರಿ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಹಿಮದಡಿ ಆರು ದಿನ ಜೀವ ಹಿಡಿದುಕೊಂಡವನಿಗೆ ಅವನ ಜಿಲ್ಲೆಯ ಕಚೇರಿಗಳ ಮೇಲಾದರೂ ಒಂದು ದಿನ ಧ್ವಜ ಇಳಿಯಬಹುದಿತ್ತು, ಅಲ್ವಾ? ಸರ್ ಇದ್ದಿದ್ದರೆ ಈ ಮಾತಿಗೆ ಮೂರು ಸುತ್ತು ಓಡಿಸುತ್ತಿದ್ದರೇನೋ.

ಇನ್ನೂ ಕೆಳಗೆ ಬಂದೆ. ಶೋಕದ ದಿನವೇ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ, ಗಾಂಧಿ ಜಯಂತಿ ಬಂದರೆ ಧ್ವಜವನ್ನು ಅರ್ಧಕ್ಕೆ ಇಳಿಸಬಾರದು, ಪಾರ್ಥಿವ ಶರೀರ ಇರುವ ಕಟ್ಟಡದ ಮೇಲೆ ಬಿಟ್ಟು. ಏಪ್ರಿಲ್ 6ರಿಂದ 13ರವರೆಗೆ, ಜಲಿಯನ್‌ವಾಲಾ ಬಾಗ್ ನೆನಪಿನ ವಾರದಲ್ಲೂ ಇಳಿಸಬಾರದು. ಅದೇ ಸಾಲಿನ ಕೊನೆಗೆ ಇನ್ನೊಂದು: ಆಯಾ ರಾಜ್ಯದಲ್ಲಿ, ಆ ರಾಜ್ಯ ಹುಟ್ಟಿದ ದಿನ.

ನವೆಂಬರ್ 1.

ಎದ್ದು ಕೂತೆ. ಆ ಬೆಳಿಗ್ಗೆ ಸರ್ ಎರಡು ಸಲ ಹೇಳಲು ಹೋಗಿ ನಿಲ್ಲಿಸಿದ್ದು ಇದನ್ನೇ. ಆಮೇಲೆ "ಆತ್ರಿ" ಅಂದರು, ಹಗ್ಗ ತಗೊಂಡರು, ಧ್ವಜವನ್ನು ತುದಿಯಲ್ಲೇ ಹಿಡಿದು ನಿಂತರು. ಮೂವತ್ತೊಂದು ವರ್ಷ ನಾನು ನನ್ನ ಎಣ್ಣೆಯನ್ನೇ ಬೈದುಕೊಂಡಿದ್ದೆ. ಇಳಿಯುವಾಗ ಅದು ಸದ್ದೇ ಮಾಡಲಿಲ್ಲ ಎಂಬುದನ್ನು ಒಮ್ಮೆಯಾದರೂ ಯೋಚಿಸಬೇಡವೇ?

ಸರ್ ಆಗಲೇ ಇರಲಿಲ್ಲ. ಬೆಳಿಗ್ಗೆ ಎದ್ದು ಅಮೆರಿಕದ ಗೆಳೆಯನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ರಾಟಿ ಹಿಡದಿರಲಿಲ್ಲೇನೋ ಎಣ್ಣಿ?" ಅಂದ.