ಅಡಿಕೆ ಸಿಪ್ಪೆಯ ನಾರು ಬೆರೆಸಿದ ರಬ್ಬರ್ ಪ್ಯಾಡ್: ಕೆಲಸ ಎಲ್ಲಿಗೆ ಬಂತು

ಅಡಿಕೆ ಸುಲಿಯುವ ಯಂತ್ರದ ಕಾಲುಗಳ ಕೆಳಗೆ ಹಾಕುವ ರಬ್ಬರ್ ಪ್ಯಾಡನ್ನು ಅದೇ ಅಡಿಕೆಯ ಸಿಪ್ಪೆಯಿಂದ ತೆಗೆದ ಗಿಡ್ಡ ನಾರಿನಿಂದ ಬಲಪಡಿಸುವುದು ಈ ಕೆಲಸದ ಉದ್ದೇಶ. ಸಾದಾ ರಬ್ಬರಿನ ಪ್ಯಾಡು ಭಾರ ಬಿದ್ದೊಡನೆ ಅಂಚುಗಳಲ್ಲಿ ಉಬ್ಬುತ್ತದೆ. ಯಂತ್ರ ಅದುರುತ್ತಾ ಹೋದಂತೆ ಬೋಲ್ಟ್ ತೂತಿನ ಬಾಯಲ್ಲಿ ಹುಟ್ಟಿದ ಸಣ್ಣ ಸೀಳು ನಿಧಾನವಾಗಿ ಅಂಚಿನವರೆಗೆ ಬರುತ್ತದೆ. ಉಬ್ಬನ್ನು ತಡೆಯುವುದಕ್ಕೂ ಸೀಳಿನ ದಾರಿಗೆ ಅಡ್ಡ ನಿಲ್ಲುವುದಕ್ಕೂ ನಾರು ಬೇಕು. ಸಾಮಗ್ರಿಗೆ ನಮ್ಮಲ್ಲಿ ಕೊರತೆಯಿಲ್ಲ. ಸುಳ್ಯ, ಬೆಳ್ತಂಗಡಿ, ಕಾರ್ಕಳದ ಕಡೆಯ ರಬ್ಬರ್ ಶೀಟು ಸುಲಭವಾಗಿ ಸಿಗುತ್ತದೆ. ಒಣಗಿಸಿದ ಚಾಲಿ ಅಡಿಕೆ ಸುಲಿದ ಮೇಲೆ ರಾಶಿ ಬೀಳುವ ಸಿಪ್ಪೆಯ ಬಹುಪಾಲು ಸ್ನಾನದ ನೀರು ಕಾಯಿಸುವ ಹಂಡೆಯ ಒಲೆಗೆ ಹೋಗುತ್ತದೆ.

ತೆಂಗಿನ ನಾರನ್ನು ಬಿಟ್ಟು ಅಡಿಕೆಯ ನಾರನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ತೆಂಗಿನ ನಾರು ಮತ್ತು ನೈಸರ್ಗಿಕ ರಬ್ಬರಿನ ಜೋಡಿಯ ಮೇಲೆ ಕೇರಳದ ಕೊಟ್ಟಾಯಂನಲ್ಲಿ ವಿಜ್ಞಾನಿ ಸಾಬು ಥಾಮಸ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲೇ ವಿಸ್ತಾರವಾಗಿ ಕೆಲಸ ಮಾಡಿದ್ದಾರೆ. ನಾರಿನ ಉದ್ದ ಸುಮಾರು 10 ಮಿ.ಮೀ. ಇರುವುದು ಒಳ್ಳೆಯದು ಎಂಬ ಮಾಹಿತಿಯನ್ನು ನಾನು ಅಲ್ಲಿಂದಲೇ ತೆಗೆದುಕೊಂಡೆ. ತೆಂಗಿನ ನಾರಿನಲ್ಲಿ ಗಡಸುತನ ಕೊಡುವ ಲಿಗ್ನಿನ್ ಎಂಬ ಅಂಶ ಹೆಚ್ಚು, ಎಳೆಯೂ ದಪ್ಪ. ಅಡಿಕೆಯ ನಾರು ಅದಕ್ಕಿಂತ ಮೆತ್ತಗಿದ್ದು, ಉದ್ದಕ್ಕೆ ಹೋಲಿಸಿದರೆ ತೆಳ್ಳಗಿದೆ. ಗಿಡ್ಡ ನಾರಿನ ವಿಷಯದಲ್ಲಿ ಉದ್ದ ಮತ್ತು ದಪ್ಪದ ಅನುಪಾತವೇ ಮುಖ್ಯ, ಏಕೆಂದರೆ ರಬ್ಬರಿನಿಂದ ನಾರಿಗೆ ಬಲ ದಾಟುವುದು ನಾರಿನ ಮೈಯ ಮೂಲಕವೇ ಹೊರತು ತುದಿಯ ಮೂಲಕ ಅಲ್ಲ. ಅಡಿಕೆ ನಾರಿನ ದೊಡ್ಡ ದೋಷವೆಂದರೆ ಅದರಲ್ಲಿ ಹೆಚ್ಚಾಗಿರುವ, ಸಸ್ಯದ ಕೋಶಗೋಡೆಯ ಒಂದು ಘಟಕವಾದ ಹೆಮಿಸೆಲ್ಯುಲೋಸ್‌ನ ಪ್ರಮಾಣ. ಅದು ನೀರನ್ನು ಹೀರಿಕೊಳ್ಳುತ್ತದೆ, ಮತ್ತು ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿಗೇನೂ ಬರವಿಲ್ಲ.

ಆದ್ದರಿಂದ ನಾರನ್ನು ಸಿದ್ಧಪಡಿಸುವುದರಲ್ಲೇ ಬಹಳಷ್ಟು ಸಮಯ ಹೋಯಿತು. ನೆನೆಸಿ, ಬಡಿದು, ಬಿಡಿಸಿದ ನಾರನ್ನು ಶೇಕಡಾ 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮುಳುಗಿಸಿಟ್ಟಾಗ ದ್ರಾವಣ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಮೇಣ, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ನಿನ ಒಂದಿಷ್ಟು ಅಂಶ ಬಿಟ್ಟುಹೋಗಿ ನಾರಿನ ಮೈ ಒರಟಾಗುತ್ತದೆ, ಒರಟಾದಷ್ಟೂ ರಬ್ಬರಿಗೆ ಹಿಡಿತ ಸಿಗುತ್ತದೆ. ತೊಳೆಯುವಾಗ ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕುತ್ತೇನೆ. ನಾರಿನಲ್ಲಿ ಸೋಡಾದ ಕ್ಷಾರ ಉಳಿದರೆ ಗಂಧಕದ ಕ್ಯೂರಿಂಗ್ (ಶಾಖಕ್ಕೆ ಗಂಧಕ ರಬ್ಬರಿನ ಅಣುಸರಪಳಿಗಳನ್ನು ಬೆಸೆದು ಗಟ್ಟಿಮಾಡುವ ಕ್ರಿಯೆ) ಬೇಗನೆ ಶುರುವಾಗಿ ಮಿಶ್ರಣ ಡೈಯಲ್ಲಿ, ಅಂದರೆ ಅಚ್ಚಿನಲ್ಲಿ, ಹರಡುವ ಮೊದಲೇ ಬಿಗಿಯಲಾರಂಭಿಸುತ್ತದೆ. ಬಿಸಿಲಿನಲ್ಲಿ ಒಣಗಿದಂತೆ ಕಂಡ ನಾರನ್ನೂ ಬಳಸುವ ಮೊದಲು ಓವನ್ನಿನಲ್ಲಿ 80 ಡಿಗ್ರಿಯಲ್ಲಿ ಮತ್ತೆ ಒಣಗಿಸಲೇಬೇಕು. ಪ್ಯಾಡನ್ನು ಬಿಸಿಮಾಡಿ ಒತ್ತುವ ಪ್ರೆಸ್ಸಿನ ಶಾಖಕ್ಕೆ ಉಳಿದ ತೇವ ಆವಿಯಾದರೆ ಪ್ಯಾಡಿನೊಳಗೆ ಸಣ್ಣ ಸಣ್ಣ ಗುಳ್ಳೆಗಳು ಉಳಿಯುತ್ತವೆ. ಜುಲೈ ತಿಂಗಳಲ್ಲಂತೂ ಓವನ್ನಿನಿಂದ ತೆಗೆದ ನಾರನ್ನು ಬಿಸಿಯಿರುವಾಗಲೇ ಡಬ್ಬದಲ್ಲಿ ಮುಚ್ಚಿ ಒಯ್ಯುವುದು ಕ್ಷೇಮ.

ಮಿಶ್ರಣದ ಕೆಲಸ ಮಂಗಳೂರಿನ ಬೈಕಂಪಾಡಿಯ ಒಂದು ಸಣ್ಣ ರಬ್ಬರ್ ಘಟಕದಲ್ಲಿ, ರಬ್ಬರನ್ನು ಅರೆದು ಹಾಳೆಯಾಗಿಸುವ ಅವರ ಎರಡು ರೋಲಿನ ಮಿಲ್ ಬಿಡುವಾಗಿರುವಾಗ ನಡೆಯುತ್ತದೆ. ತೂಕದ ಲೆಕ್ಕವೆಲ್ಲ 100 ಭಾಗ ರಬ್ಬರಿಗೆ: ಸತುವಿನ ಆಕ್ಸೈಡ್ 5, ಸ್ಟಿಯರಿಕ್ ಆಮ್ಲ 2, ಗಂಧಕ 2.5, ಜೊತೆಗೆ ಕ್ಯೂರಿಂಗನ್ನು ಚುರುಕುಗೊಳಿಸುವ ಆಕ್ಸಿಲರೇಟರ್ ಮತ್ತು ರಬ್ಬರ್ ಹಳತಾಗದಂತೆ ಕಾಯುವ ಆಂಟಿಆಕ್ಸಿಡೆಂಟ್ ಸ್ವಲ್ಪ. ನಾರನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಗಂಟಿರುವಲ್ಲಿ ಪ್ಯಾಡು ಹರಿಯುತ್ತದೆ. ನಾರಿನ ಪ್ರಮಾಣವನ್ನು 30 ಭಾಗಕ್ಕೆ ಏರಿಸಿದಾಗ ಹಾಳೆ ರೋಲಿಗೆ ಸರಿಯಾಗಿ ಸುತ್ತಿಕೊಳ್ಳದೆ ಹರಿದು ಹರಿದು ಬಂತು. ಮಿಲ್ ನಡೆಸುವ ಹಿರಿಯರು ಅದನ್ನು ಕೈಯಲ್ಲಿ ಹಿಡಿದು, “ಇದು ರಬ್ಬರ್ ಅಲ್ಲ ಮಾರಾಯ್ರೆ, ಕಾಲೊರೆಸುವ ಮ್ಯಾಟ್” ಎಂದರು. ಅವರ ತೀರ್ಪನ್ನು ಒಪ್ಪಿ ನಾನು 20 ಭಾಗಕ್ಕೆ ನಿಂತಿದ್ದೇನೆ.

ಹಾಗೆಂದು ನಾರನ್ನು ತೀರಾ ಕಡಿಮೆ ಹಾಕಿದರೂ ಲಾಭವಿಲ್ಲ. ನೈಸರ್ಗಿಕ ರಬ್ಬರನ್ನು ಎಳೆದಾಗ ಅದರ ಅಣುಸರಪಳಿಗಳು ಸಾಲಾಗಿ ಕೂಡಿ ಸ್ಫಟಿಕದಂತೆ ಗಟ್ಟಿಯಾಗುವುದರಿಂದ ಏನೂ ಬೆರೆಸದ ರಬ್ಬರಿಗೇ ಒಳ್ಳೆಯ ಎಳೆತ ಸಾಮರ್ಥ್ಯವಿದೆ. ಅದರೊಳಗೆ ಅಲ್ಲೊಂದು ಇಲ್ಲೊಂದು ನಾರು ಸೇರಿದರೆ ಆ ಜೋಡಣೆ ಕೆಡುತ್ತದೆ. ಭಾರವನ್ನು ಹಂಚಿಕೊಳ್ಳುವಷ್ಟು ನಾರಂತೂ ಅಲ್ಲಿರುವುದಿಲ್ಲ. ಆದ್ದರಿಂದ ಆರಂಭದಲ್ಲಿ ಎಳೆತ ಸಾಮರ್ಥ್ಯ ಇಳಿದು, ನಾರು ಸಾಕಷ್ಟಾದ ಮೇಲೆ ಮತ್ತೆ ಏರುತ್ತದೆ. 5 ಭಾಗ ನಾರಿನ ಪಟ್ಟಿ ನಾರಿಲ್ಲದ ಪಟ್ಟಿಗಿಂತ ಬೇಗ ಹರಿದುದನ್ನು ಕಂಡು ನಾರಿನ ಮೇಲೆ ಅಪನಂಬಿಕೆ ಪಡಬೇಕಾದ್ದಿಲ್ಲ.

ಪ್ರಮಾಣಕ್ಕಿಂತ ನಾರಿನ ದಿಕ್ಕು ಮತ್ತು ರಬ್ಬರಿಗೂ ನಾರಿಗೂ ಇರುವ ಬೆಸುಗೆಯೇ ಹೆಚ್ಚು ನಿರ್ಣಾಯಕ ಎಂಬುದು ಈಗ ನನ್ನ ಅಭಿಪ್ರಾಯ. ರೋಲುಗಳ ನಡುವಿನ ಸಂದನ್ನು ಕಿರಿದು ಮಾಡಿ ಹಾಳೆಯನ್ನು ಪ್ರತಿ ಸಲವೂ ಒಂದೇ ದಿಕ್ಕಿನಲ್ಲಿ ಹಾಯಿಸಿದರೆ ನಾರುಗಳು ಬಹುಮಟ್ಟಿಗೆ ಹಾಳೆ ಸಾಗುವ ದಿಕ್ಕಿಗೆ ತಿರುಗಿ ಮಲಗುತ್ತವೆ. ಇದನ್ನು ಪರೀಕ್ಷಿಸಲು ದುಬಾರಿ ಯಂತ್ರವೇನೂ ಬೇಕಿಲ್ಲ. ಕ್ಯೂರ್ ಆದ ಹಾಳೆಯಿಂದ ರೂಪಾಯಿಯ ನಾಣ್ಯದಷ್ಟು ದೊಡ್ಡ ಬಿಲ್ಲೆಯನ್ನು ಕತ್ತರಿಸಿ ಟರ್ಪೆಂಟೈನ್‌ನಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ರಬ್ಬರ್ ಊದುತ್ತದೆ. ನಾರು ಮಲಗಿದ ದಿಕ್ಕಿನಲ್ಲಿ ಊದಲು ಆಸ್ಪದವಿಲ್ಲದೆ ಅಡ್ಡಕ್ಕೆ ಮಾತ್ರ ಹಿಗ್ಗುವುದರಿಂದ ದುಂಡನೆಯ ಬಿಲ್ಲೆ ಬೆಳಿಗ್ಗೆ ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ನಾರಿಲ್ಲದ ಬಿಲ್ಲೆ ದೊಡ್ಡದಾಗಿರುತ್ತದೆ, ಆದರೆ ದುಂಡಗೇ ಇರುತ್ತದೆ. ಬೆಸುಗೆ ಸಡಿಲವಾಗಿದ್ದರೆ ಈ ವ್ಯತ್ಯಾಸವೂ ಮಂಕಾಗುತ್ತದೆ. ಹೀಗೆ ಒಂದೇ ಪರೀಕ್ಷೆಯಲ್ಲಿ ಎರಡೂ ವಿಷಯಗಳ ಸುಳಿವು ಸಿಗುತ್ತದೆ.

ಬೆಸುಗೆಗಾಗಿ ರಬ್ಬರ್ ಉದ್ಯಮದ ಹಳೆಯ ಮದ್ದನ್ನೇ ಹಿಡಿದಿದ್ದೇನೆ: ರೆಸಾರ್ಸಿನಾಲ್, ಹೆಕ್ಸಾಮೀನ್ ಎಂಬ ರಾಸಾಯನಿಕಗಳು ಮತ್ತು ನೀರಿನಂಶವಿರುವ ಸಿಲಿಕಾ. ಕ್ಯೂರಿಂಗ್ ಶಾಖಕ್ಕೆ ಹೆಕ್ಸಾಮೀನ್ ಒಡೆದು ರೆಸಾರ್ಸಿನಾಲ್ ಜೊತೆ ಕೂಡಿದಾಗ ಅಲ್ಲೇ ರಾಳವೊಂದು ಹುಟ್ಟಿ, ಒಂದು ಕಡೆ ನಾರಿನ ಸೆಲ್ಯುಲೋಸನ್ನೂ ಇನ್ನೊಂದು ಕಡೆ ರಬ್ಬರನ್ನೂ ಹಿಡಿಯುತ್ತದೆ. ರೆಸಾರ್ಸಿನಾಲ್ ಸುಮಾರು 110 ಡಿಗ್ರಿಗೆ ಕರಗುವುದರಿಂದ ಅದನ್ನು ರಬ್ಬರ್ ಬಿಸಿಯಾಗಿರುವಾಗ ಮೊದಲೇ ಬೆರೆಸುತ್ತೇನೆ. ಹೆಕ್ಸಾಮೀನ್ ಸ್ವತಃ ಕ್ಯೂರಿಂಗನ್ನು ಚುರುಕುಗೊಳಿಸುವುದರಿಂದ ಅದರ ಸರದಿ ರೋಲು ತಣಿದ ಮೇಲೆ, ಎಲ್ಲಕ್ಕೂ ಕೊನೆಗೆ. ಈ ಮಿಶ್ರಣದ ಹೊಗೆ ಕಣ್ಣು ಮೂಗಿಗೆ ಒಳ್ಳೆಯದಲ್ಲ. ಕೈಗವಸು ಹಾಕದೆ, ಕಿಟಕಿ ತೆರೆಯದೆ ಇದನ್ನು ಯಾರೂ ಪ್ರಯತ್ನಿಸಬಾರದು. ಫಲಿತಾಂಶವಂತೂ ಕಣ್ಣಿಗೆ ಕಾಣುವಂತಿದೆ. ರಾಳವಿಲ್ಲದ ತುಂಡನ್ನು ಎಳೆದು ಹರಿದು ಭೂತಗನ್ನಡಿಯಲ್ಲಿ ನೋಡಿದರೆ ನಾರುಗಳು ಬರಿ ಮೈಯಲ್ಲಿ ಉದ್ದಕ್ಕೆ ಚಾಚಿಕೊಂಡಿರುತ್ತವೆ, ಎದುರು ಮುಖದಲ್ಲಿ ಅವು ಕಳಚಿಕೊಂಡ ನುಣುಪಾದ ಸಣ್ಣ ತೂತುಗಳಿರುತ್ತವೆ. ರಾಳವಿರುವ ತುಂಡಿನಲ್ಲಿ ನಾರುಗಳು ಹರಿದ ಮುಖದ ಹತ್ತಿರವೇ ತುಂಡಾಗಿರುತ್ತವೆ ಮತ್ತು ಮೋಟು ತುದಿಗಳಿಗೆ ರಬ್ಬರ್ ಅಂಟಿಕೊಂಡೇ ಇರುತ್ತದೆ.

ಪ್ಯಾಡು ನಾಲ್ಕೂ ಕಡೆಗೆ ಉಬ್ಬುವುದರಿಂದ ನಾರು ಒಂದೇ ದಿಕ್ಕಿಗಿದ್ದರೆ ಸಾಲದು. ತೆಳು ಹಾಳೆಗಳನ್ನು ಒಂದರ ಮೇಲೊಂದು ಅಡ್ಡ, ಉದ್ದ ಎಂದು ತಿರುಗಿಸಿ ಪೇರಿಸಿ, ಡೈಯನ್ನು ಬಹುತೇಕ ತುಂಬುವ ಅಳತೆಗೆ ಕತ್ತರಿಸಿ ಇಡುತ್ತೇನೆ. ಮಧ್ಯದಲ್ಲಿ ಒಂದು ಉಂಡೆ ಇಟ್ಟು ಪ್ರೆಸ್ ಒತ್ತಿದರೆ ಮಿಶ್ರಣ ಹರಿಯುವ ದಿಕ್ಕಿಗೆ ನಾರೂ ತಿರುಗಿ, ಮಿಲ್ಲಿನಲ್ಲಿ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಹೀಗೆ ಮಾಡಿದ ಪ್ಯಾಡುಗಳು ಈಗ ಯಂತ್ರದ ಕೆಳಗಿವೆ. ಅಂಚಿನ ಉಬ್ಬು ಸ್ಪಷ್ಟವಾಗಿ ಕಡಿಮೆಯಾಗಿದೆ, ತೂತಿನ ಬಳಿ ಸೀಳು ಕಂಡಿಲ್ಲ. ಪ್ಯಾಡು ಬಿಗಿಯಾದಷ್ಟೂ ನೆಲಕ್ಕೆ ಅದುರು ಹೆಚ್ಚು ದಾಟುತ್ತದೆ ಎಂಬುದೂ ನಿಜ. ಅಂಗಳದ ಸಿಮೆಂಟಿನ ಮೇಲೆ ಕೈಯಿಟ್ಟರೆ ಅದು ತಿಳಿಯುತ್ತದೆ. ಪ್ಯಾಡಿನ ದಪ್ಪವನ್ನು ಹೆಚ್ಚಿಸಿ ಇದನ್ನು ಸರಿದೂಗಿಸುವ ಯೋಚನೆಯಿದೆ.

ಮುಂದಿನ ಹಂತ ನೈಟ್ರೈಲ್ ರಬ್ಬರ್, ಅಂದರೆ ಎಣ್ಣೆಗೆ ಜಗ್ಗದ ಕೃತಕ ರಬ್ಬರ್. ಗ್ರೀಸ್ ಮತ್ತು ಡೀಸೆಲ್ ತಾಗುವ ಕಡೆ ನೈಸರ್ಗಿಕ ರಬ್ಬರ್ ಬಾಳುವುದಿಲ್ಲ. ಎಳೆದಾಗ ಸ್ಫಟಿಕಗಟ್ಟುವ ಗುಣ ನೈಟ್ರೈಲಿಗೆ ಇಲ್ಲದ್ದರಿಂದ ಬರಿ ನೈಟ್ರೈಲ್ ತಾನಾಗಿ ಬಲಹೀನ. ಹಾಗಾಗಿ ಅಲ್ಲಿ ನಾರಿನ ಪ್ರಯೋಜನ ಕಡಿಮೆ ಪ್ರಮಾಣದಲ್ಲೇ ಕಾಣಿಸಿಕೊಳ್ಳಬೇಕು. 10 ಭಾಗ ನಾರಿನಿಂದ ಆರಂಭಿಸುವ ಉದ್ದೇಶದಿಂದ ಮುಂದಿನ ಕಂತಿನ ಸಿಪ್ಪೆಯನ್ನು ಈಗಾಗಲೇ ನೆನೆಹಾಕಿದ್ದೇನೆ.