ಹತ್ತು ಸಲ ಓದಿದರೂ ತಪ್ಪು ಏಕೆ ಉಳಿಯುತ್ತದೆ?

ತುಮಕೂರಿನಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತೇನೆಂದು ಗೊತ್ತಾದ ಮೇಲೆ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಬರೆದಿದ್ದನ್ನು ಹತ್ತು ಸಲ ಓದುತ್ತೇನೆ, ಆದರೂ ತಪ್ಪು ಉಳಿಯುತ್ತದೆ. ಏನು ಮಾಡಲಿ?" ಸಂಶೋಧನಾ ಪ್ರಬಂಧದ ವಿದ್ಯಾರ್ಥಿಗಳು, ವಾರ್ಷಿಕ ವರದಿ ಬರೆಯುವ ಸಹಕಾರ ಸಂಘದ ಕಾರ್ಯದರ್ಶಿಗಳು, ನಿವೃತ್ತರಾಗಿ ಆತ್ಮಕಥೆಗೆ ಕೈಹಾಕಿದ ಮೇಷ್ಟರು, ಎಲ್ಲರದೂ ಇದೇ ಗೋಳು. ತೊಂದರೆ ಇರುವುದು ಆ ಹತ್ತು ಸಲದಲ್ಲೇ. ಒಂದೇ ಬಗೆಯಲ್ಲಿ ಎಷ್ಟು ಓದಿದರೂ ನೀವು ಬರೆಯಬೇಕೆಂದುಕೊಂಡದ್ದೇ ಕಣ್ಣಿಗೆ ಕಾಣುತ್ತದೆ. ಪ್ರತಿ ಸುತ್ತಿನಲ್ಲೂ ಬೇರೊಂದು ತಪ್ಪನ್ನು ಹುಡುಕಿಕೊಂಡು ಓದಬೇಕು.

ಬಹಳ ಜನ ಕಾಗುಣಿತದಿಂದ ಶುರುಮಾಡುತ್ತಾರೆ. ಅದು ಕೊನೆಯ ಕೆಲಸ. ನಾಳೆ ಹೊಡೆದುಹಾಕಲಿರುವ ವಾಕ್ಯದ ಒತ್ತಕ್ಷರವನ್ನು ಇಂದು ಸರಿಮಾಡಿ ಏನು ಪ್ರಯೋಜನ? ಮೊದಲು ನೋಡಬೇಕಾದದ್ದು ವಾಕ್ಯದ ಬಾಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದರೆ ಅಲ್ಲಿಗೆ ತಲುಪುವ ಹೊತ್ತಿಗೆ ಕರ್ತೃ ಯಾರೆಂಬುದು ಬರೆಯುವವರಿಗೇ ಮರೆತಿರುತ್ತದೆ. ನನ್ನ ಮೇಜಿಗೆ ಬರುವ ವಾಕ್ಯಗಳು ಹೆಚ್ಚುಕಡಿಮೆ ಹೀಗಿರುತ್ತವೆ: "ತಿಪಟೂರು, ಗುಬ್ಬಿ ಮತ್ತು ತುರುವೇಕೆರೆ ತಾಲ್ಲೂಕುಗಳ ತೆಂಗು ಬೆಳೆಗಾರರು ಎದುರಿಸುತ್ತಿರುವ ಕೊಬ್ಬರಿ ಬೆಲೆ ಕುಸಿತದ ಸಮಸ್ಯೆಯು ಹಲವು ಬಾರಿ ಅಧಿಕಾರಿಗಳ ಗಮನಕ್ಕೆ ತಂದರೂ ಪರಿಹಾರ ಸಿಕ್ಕಿರುವುದಿಲ್ಲ." ಓದಿಕೊಂಡು ಹೋದರೆ ಅರ್ಥವಾಗುತ್ತದೆ, ಅದಕ್ಕೇ ತಪ್ಪು ಸಿಕ್ಕಿಬೀಳುವುದಿಲ್ಲ. ಬಾಲದ ಕಡೆಯಿಂದ ಪ್ರಶ್ನೆ ಕೇಳುತ್ತ ಬನ್ನಿ. ಗಮನಕ್ಕೆ ತಂದದ್ದು ಯಾರು? ಬೆಳೆಗಾರರು. ಏನನ್ನು? ಸಮಸ್ಯೆಯನ್ನು. ಹಾಗಾದರೆ "ಸಮಸ್ಯೆಯು" ಅಲ್ಲಿ ನಿಲ್ಲುವುದಿಲ್ಲ. ತಿದ್ದಲು ಕುಳಿತರೆ ವಾಕ್ಯ ತಾನಾಗಿಯೇ ಎರಡಾಗುತ್ತದೆ: "ಕೊಬ್ಬರಿ ಬೆಲೆ ಕುಸಿದು ತಿಪಟೂರು, ಗುಬ್ಬಿ, ತುರುವೇಕೆರೆ ತಾಲ್ಲೂಕುಗಳ ಬೆಳೆಗಾರರು ಕಷ್ಟದಲ್ಲಿದ್ದಾರೆ. ಹಲವು ಬಾರಿ ಅಧಿಕಾರಿಗಳ ಗಮನಕ್ಕೆ ತಂದರೂ ಪರಿಹಾರ ಸಿಕ್ಕಿಲ್ಲ." "ಎದುರಿಸುತ್ತಿರುವ", "ಸಮಸ್ಯೆಯು" ಎರಡೂ ಉದುರಿದವು, ಅರ್ಥ ಒಂದಿಷ್ಟೂ ಕಡಿಮೆಯಾಗಲಿಲ್ಲ. "ಸಿಕ್ಕಿರುವುದಿಲ್ಲ" ಎಂಬ ಕಚೇರಿ ಕನ್ನಡವೂ ಜೊತೆಗೆ ಹೋಯಿತು, ಅದಕ್ಕೆ ನಾನಂತೂ ಅಳುವುದಿಲ್ಲ.

ಇದೇ ಸುತ್ತಿನಲ್ಲಿ ವಿಶೇಷಣಗಳನ್ನೂ ನೋಡಿಬಿಡಿ. "ಸಿದ್ಧಗಂಗೆಯ ಜಾತ್ರೆಗೆ ಬಂದ ರೈತರ ಎತ್ತುಗಳು" ಎಂದರೆ ಬಂದದ್ದು ರೈತರೋ, ಎತ್ತುಗಳೋ? ದನಗಳ ಜಾತ್ರೆಗೆ ಎರಡು ಕಡೆಯವರೂ ಬರುವುದರಿಂದ ನಷ್ಟವಿಲ್ಲ. "ಬಂಧನಕ್ಕೊಳಗಾದ ಅಧ್ಯಕ್ಷರ ಅಳಿಯ" ಎಂದು ಬರೆದಾಗ ಮಾತ್ರ ಒಳಗಿರುವವರು ಯಾರೆಂಬುದು ಮುಖ್ಯವಾಗುತ್ತದೆ. "ಅಧ್ಯಕ್ಷರ ಬಂಧಿತ ಅಳಿಯ" ಎಂದರೆ ಅಧ್ಯಕ್ಷರು ಬಚಾವು.

ಗಟ್ಟಿಯಾಗಿ ಓದಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ನಾನು ಅದರಲ್ಲಿ ಅರ್ಧವನ್ನು ಮಾತ್ರ ಒಪ್ಪುತ್ತೇನೆ. ಉಸಿರು ಸಾಲದ ಕಡೆ ವಾಕ್ಯ ಮುರಿಯಬೇಕೆಂದು ಬಾಯಿಗೆ ಗೊತ್ತಾಗುತ್ತದೆ, ನಿಜ. ಕಾಗುಣಿತ ಬಾಯಿಗೆ ಗೊತ್ತಾಗುವುದಿಲ್ಲ. ನಮ್ಮ ಸೀಮೆಯ ಮಾತಿನಲ್ಲಿ ಮಹಾಪ್ರಾಣ ಉಳಿಯುವುದೇ ಕಡಿಮೆ; "ಧನ"ವನ್ನೂ "ದನ"ವನ್ನೂ ಒಂದೇ ಸದ್ದಿನಲ್ಲಿ ಮುಗಿಸುತ್ತೇವೆ. "ಹ" ಬೇಕಾದಲ್ಲಿ ಜಾರುತ್ತದೆ, ಬೇಡದಲ್ಲಿ ಬಂದು ಕೂರುತ್ತದೆ. ಮದುವೆ ಪತ್ರಿಕೆಯ "ಆದರದ ಸ್ವಾಗತ"ಕ್ಕೆ ಅದು ಅಂಟಿಕೊಂಡರೆ ಬೀಗರ ಮುಖ ನೋಡುವುದು ಕಷ್ಟ. "ಹಾದರ"ವೂ ನಿಘಂಟಿನಲ್ಲಿರುವ ಪದವೇ ಆದ್ದರಿಂದ ಕಂಪ್ಯೂಟರ್ ಅದರ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ.

ಕಾಗುಣಿತಕ್ಕೆ ಕಣ್ಣೇ ಬೇಕು, ಅದೂ ಅರ್ಥದ ಹಿಂದೆ ಓಡದ ಕಣ್ಣು. ಮುದ್ರಿಸಿಕೊಂಡು, ಕೊನೆಯ ವಾಕ್ಯದಿಂದ ಮೇಲಕ್ಕೆ ಒಂದೊಂದೇ ವಾಕ್ಯ ಓದಿ. ಅರ್ಕಾವತ್ತಿನ ಮೇಲೆ ವಿಶೇಷ ಅನುಮಾನವಿರಲಿ. ಅದನ್ನು ಉಚ್ಚರಿಸುವುದು ಅಕ್ಷರಕ್ಕೆ ಮೊದಲು, ಬರೆಯುವುದು ಅಕ್ಷರದ ನಂತರ. ಹೀಗಾಗಿಯೇ "ಆಶೀರ್ವಾದ" ಎಷ್ಟೋ ಪತ್ರಿಕೆಗಳಲ್ಲಿ "ಆರ್ಶೀವಾದ"ವಾಗಿ ಮನೆಮನೆಗೆ ತಲುಪುತ್ತದೆ. ಹಳೆಯ "ನುಡಿ" ತಂತ್ರಾಂಶದ ಅಕ್ಷರವಿನ್ಯಾಸದಲ್ಲಿರುವ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದ್ದರೆ ಇನ್ನೂ ಹುಷಾರು. ಅಲ್ಲಿ ಅಕ್ಷರಗಳು ತುಂಡುತುಂಡಾಗಿ ಕುಳಿತಿರುತ್ತವೆ, ಮರುಜೋಡಣೆಯಲ್ಲಿ ಅರ್ಕಾವತ್ತೋ ದೀರ್ಘವೋ ಪಕ್ಕಕ್ಕೆ ಸರಿಯುವುದುಂಟು.

ಅನುಮಾನ ಬಂದಾಗ ಪಕ್ಕದವರನ್ನು ಕೇಳಬೇಡಿ, ನಿಘಂಟು ತೆಗೆಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟೂ ಸಂಪುಟಗಳು ಬೇಕಿಲ್ಲ, ಸಂಕ್ಷಿಪ್ತ ನಿಘಂಟು ಸಾಕು. ಸಂಧಿ, ವಿಭಕ್ತಿಗಳಿಗೆ ತೀ.ನಂ. ಶ್ರೀಕಂಠಯ್ಯನವರ "ಕನ್ನಡ ಮಧ್ಯಮ ವ್ಯಾಕರಣ". ಅವರು ನಮ್ಮ ಜಿಲ್ಲೆಯ ತೀರ್ಥಪುರದವರೆಂಬ ಅಭಿಮಾನಕ್ಕೆ ಹೇಳುತ್ತಿಲ್ಲ. ಸ್ವಲ್ಪ ಅದಕ್ಕೂ ಹೇಳುತ್ತಿದ್ದೇನೆ. ಜಾತಿಗೆ ಅತೀತ ಸೇರಿದರೆ "ಜಾತ್ಯತೀತ"ವೇ ಆಗುತ್ತದೆ, "ತ್ಯ"ಕ್ಕೆ ದೀರ್ಘವಿಲ್ಲ ಎಂಬುದು ಸಂಧಿ ತಿಳಿದವರಿಗೆ ಬಾಯಿಪಾಠ ಮಾಡದೆಯೂ ನೆನಪಿರುತ್ತದೆ.

ಶಿರಾ ಅಥವಾ ಸಿರಾ, ತಾಲ್ಲೂಕು ಅಥವಾ ತಾಲೂಕು, ಯಾವುದಾದರೂ ಸರಿ, ಕೊನೆಯವರೆಗೂ ಅದನ್ನೇ ಬರೆಯಿರಿ. ದಿನಾಂಕವಿದ್ದರೆ ವಾರವನ್ನು ಕ್ಯಾಲೆಂಡರ್‌ನಲ್ಲಿ ನೋಡಿ.

ಎಲ್ಲಿ ನಿಲ್ಲಿಸಬೇಕು ಎಂದೂ ಕೇಳುತ್ತಾರೆ. ಹಿಂದಿನ ಸುತ್ತಿನಲ್ಲಿ ತೆಗೆದ ಪದವನ್ನೇ ಮತ್ತೆ ಹಾಕಲು ಕೈ ಹೋದರೆ ನಿಮ್ಮ ಪಾಲಿನ ಕೆಲಸ ಮುಗಿದಿದೆ, ಇನ್ನೊಬ್ಬರಿಗೆ ಕೊಡಿ. ವಿಷಯ ಗೊತ್ತಿಲ್ಲದವರಾದರೆ ಒಳ್ಳೆಯದು. ಕೊಬ್ಬರಿಯ ಬಗ್ಗೆ ಬರೆದದ್ದನ್ನು ತಿಪಟೂರಿನವರಿಗೆ ಕೊಟ್ಟರೆ ಬಿಟ್ಟುಹೋದದ್ದನ್ನೂ ತಾವೇ ತುಂಬಿಕೊಂಡು ಓದುತ್ತಾರೆ. ಪಾವಗಡದವರ ಕೈಗೆ ಕೊಟ್ಟು, ಅರ್ಥವಾಗದ ಕಡೆ ಪೆನ್ಸಿಲ್‌ನಿಂದ ಗುರುತು ಹಾಕಲು ಹೇಳಿ. ಹೇಗೆ ತಿದ್ದಬೇಕೆಂದು ಅವರು ಹೇಳಬೇಕಾಗಿಲ್ಲ.